ವಲಯದ ನಕ್ಷೆ, ಶಾಲೆಯ ಲೆಕ್ಕ: ಬೆಳೆಯುವ ಕೌಂಟಿಯ ನೂರು ವರ್ಷದ ಜಗಳ

ವಾಷಿಂಗ್ಟನ್ ನಗರದ ಪಶ್ಚಿಮಕ್ಕೆ, ವರ್ಜೀನಿಯಾ ರಾಜ್ಯದಲ್ಲಿ ಲೌಡನ್ ಎಂಬ ಕೌಂಟಿ ಇದೆ. 1970ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 37 ಸಾವಿರ ಮಂದಿ. ಹಸು, ಕುದುರೆ, ಹುಲ್ಲುಗಾವಲುಗಳ ಸೀಮೆ ಅದು. 2020ರ ಗಣತಿಯ ಹೊತ್ತಿಗೆ ಜನಸಂಖ್ಯೆ 4.2 ಲಕ್ಷ ದಾಟಿತು. ಐವತ್ತು ವರ್ಷದಲ್ಲಿ ಹನ್ನೊಂದು ಪಟ್ಟು. ಅದರ ಪೂರ್ವ ಭಾಗದ ಆ್ಯಶ್‌ಬರ್ನ್‌ನಲ್ಲಿ ಇವತ್ತು ಕನ್ನಡದ ಕುಟುಂಬಗಳೂ ಸಾಕಷ್ಟಿವೆ. ಇಲ್ಲಿ ಯಾರ ಜಮೀನಿನಲ್ಲಿ ಮನೆ ಏಳಬೇಕು, ಎಲ್ಲಿ ಅಂಗಡಿ ಬರಬೇಕು, ಯಾವುದು ಹೊಲವಾಗಿಯೇ ಉಳಿಯಬೇಕು ಎಂದು ತೀರ್ಮಾನಿಸುವವರು ಒಂಬತ್ತು ಮಂದಿ ಚುನಾಯಿತ ಸೂಪರ್‌ವೈಸರುಗಳು. ಕಾರ್ಖಾನೆಯ ಮೇಸ್ತ್ರಿಗಳಲ್ಲ, ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರಿಗೆ ಹತ್ತಿರದವರು, ಅಧಿಕಾರದಲ್ಲಿ ಅವರಿಗಿಂತ ಬಹಳ ದೊಡ್ಡವರು.

ಝೋನಿಂಗ್ ಅಥವಾ ವಲಯ ನಿಯಮದ ಚರಿತ್ರೆಯನ್ನು ಸಾಮಾನ್ಯವಾಗಿ ನಗರಗಳ ಕಥೆಯಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಅದರ ನಿಜವಾದ ಗುಣ ಕಾಣುವುದು ಲೌಡನ್‌ನಂಥ ಬೆಳೆಯುವ ಕೌಂಟಿಗಳಲ್ಲಿ. ಅಲ್ಲಿ ಗಾಳಿ ಬೆಳಕು, ಹಸಿರು, ಪರಂಪರೆ ಎಂದು ಎಷ್ಟು ಮಾತಾಡಿದರೂ ಬಹುತೇಕ ತೀರ್ಮಾನಗಳ ತಳದಲ್ಲಿರುವುದು ಒಂದೇ ಪ್ರಶ್ನೆ: ಹೊಸದಾಗಿ ಬಂದವರ ಮಕ್ಕಳಿಗೆ ಶಾಲೆ ಕಟ್ಟುವ ದುಡ್ಡು ಯಾರ ಜೇಬಿನಿಂದ? ಅಮೆರಿಕದಲ್ಲಿ ಸರ್ಕಾರಿ ಶಾಲೆಗಳು ಬಹುಪಾಲು ನಡೆಯುವುದು ಸ್ಥಳೀಯ ಆಸ್ತಿ ತೆರಿಗೆ ಮತ್ತು ರಾಜ್ಯದ ಅನುದಾನದಿಂದ. ಒಂದು ಮನೆಯಿಂದ ಬರುವ ತೆರಿಗೆಗಿಂತ ಆ ಮನೆಯ ಇಬ್ಬರು ಮಕ್ಕಳ ಶಾಲೆಯ ಖರ್ಚು ಹೆಚ್ಚಾದರೆ, ಹೊಸ ಲೇಔಟ್ ಎಂದರೆ ಕೌಂಟಿಗೆ ನಷ್ಟದ ಬಾಬ್ತು.

ಆರಂಭದಲ್ಲಿ ಈ ಲೆಕ್ಕ ಇರಲಿಲ್ಲ. ನ್ಯೂಯಾರ್ಕಿನಲ್ಲಿ 1915ರಲ್ಲಿ ಎದ್ದ ಈಕ್ವಿಟಬಲ್ ಕಟ್ಟಡ ಅಕ್ಕಪಕ್ಕದ ಬೀದಿಗಳಿಗೆ ಬಿಸಿಲೇ ಬೀಳದಂತೆ ಮಾಡಿತು. ಮರುವರ್ಷ, 1916ರಲ್ಲಿ, ಆ ನಗರ ದೇಶದ ಮೊದಲ ಸಮಗ್ರ ವಲಯ ನಿಯಮವನ್ನು ತಂದಿತು. ಅದಕ್ಕೂ ಮೊದಲೇ, 1910ರಲ್ಲಿ, ಬಾಲ್ಟಿಮೋರ್ ನಗರ ಕರಿಯರು ಯಾವ ಬೀದಿಯಲ್ಲಿರಬೇಕು, ಬಿಳಿಯರು ಯಾವ ಬೀದಿಯಲ್ಲಿರಬೇಕು ಎಂದು ಕಾನೂನು ಮಾಡಿತ್ತು. ಅದನ್ನು ನೋಡಿ ಬೇರೆ ಊರುಗಳೂ ಅದೇ ದಾರಿ ಹಿಡಿದವು. ಲೂಯಿವಿಲ್ ನಗರದ ಇಂಥದೇ ಕಾನೂನನ್ನು ಸುಪ್ರೀಂ ಕೋರ್ಟ್ 1917ರಲ್ಲಿ ರದ್ದು ಮಾಡಿತು. ಬಣ್ಣದ ಹೆಸರೆತ್ತುವಂತಿಲ್ಲ ಎಂದಾಯಿತು. ಸೈಟಿನ ಅಳತೆ, ಮನೆಯ ಬಗೆ ಇವನ್ನು ನಿಗದಿಪಡಿಸುವ ದಾರಿ ಮಾತ್ರ ತೆರೆದೇ ಇತ್ತು.

ಆ ದಾರಿಗೆ ಮುದ್ರೆ ಬಿದ್ದದ್ದು 1926ರ ಯೂಕ್ಲಿಡ್ ಮೊಕದ್ದಮೆಯಲ್ಲಿ. ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಪಕ್ಕದ ಯೂಕ್ಲಿಡ್ ಎಂಬ ಗ್ರಾಮದಲ್ಲಿ ಆ್ಯಂಬ್ಲರ್ ಎಂಬ ಕಂಪನಿಗೆ 68 ಎಕರೆ ಜಮೀನಿತ್ತು. ಕಾರ್ಖಾನೆಗೆ ಮಾರಿದರೆ ಎಕರೆಗೆ 10 ಸಾವಿರ ಡಾಲರ್, ಮನೆಗಳಿಗಾದರೆ 2,500 ಡಾಲರ್ ಮಾತ್ರ ಎಂಬುದು ಅದರ ದೂರು. ಸುಪ್ರೀಂ ಕೋರ್ಟ್ ಆರಕ್ಕೆ ಮೂರರ ಬಹುಮತದಲ್ಲಿ ಗ್ರಾಮದ ಪರ ನಿಂತಿತು. ತೀರ್ಪು ಬರೆದ ನ್ಯಾಯಮೂರ್ತಿ ಸದರ್ಲ್ಯಾಂಡ್ ಆಸ್ತಿ ಹಕ್ಕಿನ ಕಟ್ಟಾ ಪಕ್ಷಪಾತಿ. ಆದರೂ ಮನೆಗಳ ಬೀದಿಯಲ್ಲಿ ತಲೆಯೆತ್ತುವ ಅಪಾರ್ಟ್‌ಮೆಂಟನ್ನು ಅವರು ಪರಾವಲಂಬಿ ಜೀವಿಗೆ ಹೋಲಿಸಿದರು. ಕಾರ್ಖಾನೆಯ ಹೊಗೆಯಿಂದ ಮನೆಯನ್ನು ಕಾಯಲು ಹುಟ್ಟಿದ ನಿಯಮ, ಬಾಡಿಗೆದಾರನಿಂದ ಮನೆ ಮಾಲೀಕನನ್ನು ಕಾಯುವ ನಿಯಮವೂ ಆದದ್ದು ಇಲ್ಲಿಂದಲೇ. ವಾಣಿಜ್ಯ ಸಚಿವರಾಗಿದ್ದ ಹರ್ಬರ್ಟ್ ಹೂವರ್ ಅವರ ಇಲಾಖೆ ಅಷ್ಟರಲ್ಲಿ ಒಂದು ಮಾದರಿ ಕಾಯ್ದೆಯನ್ನು ರಾಜ್ಯಗಳಿಗೆ ಹಂಚಿತ್ತು. ವಲಯ ನಿಯಮ ಊರಿಂದೂರಿಗೆ ಹರಡಿತು.

ಕೌಂಟಿಗಳಿಗೆ ಇದು ಬೇಕಾದದ್ದು ಎರಡನೆಯ ಮಹಾಯುದ್ಧದ ನಂತರ. ಸಾಲ ಸುಲಭವಾಯಿತು, ಹೆದ್ದಾರಿಗಳು ಬಂದವು, ನಗರದವರು ಹೊಲಗಳ ಕಡೆ ಹೊರಟರು. ವರ್ಜೀನಿಯಾದಲ್ಲಿ ಮೊದಲ ಪೆಟ್ಟು ತಿಂದದ್ದು ಲೌಡನ್ನಿನ ನೆರೆಯ ಫೇರ್‌ಫ್ಯಾಕ್ಸ್. ಕೌಂಟಿಯ ಪಶ್ಚಿಮದ ಮೂರನೇ ಎರಡು ಭಾಗದಲ್ಲಿ ಒಂದು ಮನೆಗೆ ಕನಿಷ್ಠ ಎರಡು ಎಕರೆ ಎಂದು ಅದು ನಿಯಮ ಮಾಡಿತು. ಜನ ಪೂರ್ವದಲ್ಲೇ ನೆಲೆಸಿದರೆ ನೀರು, ಚರಂಡಿ, ಶಾಲೆಗಳ ಖರ್ಚು ಉಳಿಯುತ್ತದೆ ಎಂಬುದು ಲೆಕ್ಕ. 1959ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಡಿಮೆ ಆದಾಯದವರನ್ನು ಪಶ್ಚಿಮಕ್ಕೆ ಕಾಲಿಡದಂತೆ ತಡೆಯುವುದೇ ಇದರ ಪರಿಣಾಮ ಎಂದು ನ್ಯಾಯಾಲಯ ನೇರವಾಗಿ ಹೇಳಿತು. ಅಮೆರಿಕದ ಬೇರೆ ಹಲವು ನ್ಯಾಯಾಲಯಗಳು ಈ ಮಾತನ್ನಾಡಲು ಇನ್ನೂ ವರ್ಷಗಳನ್ನೇ ತೆಗೆದುಕೊಂಡವು. ನ್ಯೂಜೆರ್ಸಿಯ ಪ್ರಸಿದ್ಧ ಮೌಂಟ್ ಲಾರೆಲ್ ತೀರ್ಪು ಬಂದದ್ದು 1975ರಲ್ಲಿ.

ಅದೇ ಫೇರ್‌ಫ್ಯಾಕ್ಸ್ 1960ರ ದಶಕದಲ್ಲಿ ಇನ್ನೊಂದು ಬಗೆಯನ್ನೂ ತೋರಿಸಿತು. ರಾಬರ್ಟ್ ಸೈಮನ್ ಎಂಬ ಉದ್ಯಮಿಗಾಗಿ ಮನೆ, ಅಂಗಡಿ, ಕಚೇರಿ, ಕೆರೆ ಎಲ್ಲ ಒಟ್ಟಿಗಿರುವ ಹೊಸ ವಲಯವನ್ನೇ ಸೃಷ್ಟಿಸಿತು; ರೆಸ್ಟನ್ ಎಂಬ ಊರು ಹುಟ್ಟಿದ್ದು ಹಾಗೆ. ಚೆನ್ನಾಗಿ ಯೋಜಿಸಿದರೆ ಬೆಳವಣಿಗೆಯೂ ಚೆಂದವೇ ಎನ್ನಲು ಯೋಜಕರು ಇವತ್ತಿಗೂ ಅದನ್ನೇ ಬೊಟ್ಟು ಮಾಡುತ್ತಾರೆ. ಅಂಥವು ಬೇಕಾದಷ್ಟು ಹುಟ್ಟಲಿಲ್ಲ ಎಂಬುದೂ ನಿಜ.

1970ರ ದಶಕದಲ್ಲಿ ಪ್ರಶ್ನೆ ಬದಲಾಯಿತು. ಎಲ್ಲಿ ಕಟ್ಟಬೇಕು ಎಂಬುದರ ಜೊತೆಗೆ ಯಾವಾಗ ಕಟ್ಟಬೇಕು ಎಂಬುದೂ ಸೇರಿತು. ನ್ಯೂಯಾರ್ಕ್ ರಾಜ್ಯದ ರಮಾಪೊ ಪಟ್ಟಣ ಹದಿನೆಂಟು ವರ್ಷದ ಕಾಮಗಾರಿ ಯೋಜನೆ ಹಾಕಿಕೊಂಡು, ರಸ್ತೆ ಚರಂಡಿ ಬಂದ ಮೇಲೆ ಮಾತ್ರ ಲೇಔಟಿಗೆ ಅನುಮತಿ ಎಂದಿತು. 1972ರಲ್ಲಿ ಆ ರಾಜ್ಯದ ಉನ್ನತ ನ್ಯಾಯಾಲಯ ಅದನ್ನು ಒಪ್ಪಿತು. ಆರೆಗಾನ್ ಮರುವರ್ಷ ಊರುಗಳ ಸುತ್ತ ಗಡಿ ಎಳೆಸುವ ಕಾಯ್ದೆ ತಂದಿತು. ಈ ಪೀಳಿಗೆಯ ಪ್ರಯೋಗಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಪೊಟೋಮ್ಯಾಕ್ ನದಿಯಾಚೆ ಮೇರಿಲ್ಯಾಂಡ್ ರಾಜ್ಯದ ಮಾಂಟ್‌ಗೊಮೆರಿ ಕೌಂಟಿ 1980ರಲ್ಲಿ ಮಾಡಿದ್ದು. ಸುಮಾರು 93 ಸಾವಿರ ಎಕರೆಯನ್ನು ಕೃಷಿಗೆಂದು ಮೀಸಲಿಟ್ಟು, 25 ಎಕರೆಗೆ ಒಂದೇ ಮನೆ ಎಂದಿತು. ಹಾಗೆಂದು ರೈತನ ಕೈ ಖಾಲಿ ಬಿಡಲಿಲ್ಲ. ಐದು ಎಕರೆಗೆ ಒಂದರಂತೆ ಅವನಿಗಿದ್ದ ಕಟ್ಟುವ ಹಕ್ಕನ್ನು ಬಿಲ್ಡರುಗಳಿಗೆ ಮಾರಬಹುದು. ಕೊಂಡವರು ಪಟ್ಟಣದ ಕಡೆ ಅಷ್ಟು ಹೆಚ್ಚು ಮನೆ ಕಟ್ಟಬಹುದು. ನಮ್ಮಲ್ಲಿ ಟಿಡಿಆರ್ ಎಂದು ರಸ್ತೆ ಅಗಲೀಕರಣದ ಹೊತ್ತಿಗೆ ಕೇಳುವ ಹಕ್ಕುಪತ್ರ ಇದೇ ಕುಲದ್ದು. ಬಳಕೆಯ ಉದ್ದೇಶ ಮಾತ್ರ ಬೇರೆ.

ವರ್ಜೀನಿಯಾದ ಕೌಂಟಿಗಳಿಗೆ ಇಷ್ಟು ಕೈ ಬಿಚ್ಚಿ ಕೆಲಸ ಮಾಡುವ ಅವಕಾಶ ಇಲ್ಲ. ಅಯೋವಾದ ನ್ಯಾಯಾಧೀಶ ಜಾನ್ ಡಿಲ್ಲನ್ 1868ರಲ್ಲಿ ಹಾಕಿಕೊಟ್ಟ ಸೂತ್ರಕ್ಕೆ ಈ ರಾಜ್ಯ ಬಿಗಿಯಾಗಿ ಅಂಟಿಕೊಂಡಿದೆ: ರಾಜ್ಯ ಸ್ಪಷ್ಟವಾಗಿ ಕೊಡದ ಅಧಿಕಾರ ಸ್ಥಳೀಯ ಸರ್ಕಾರಕ್ಕಿಲ್ಲ. ಆ ಇಕ್ಕಟ್ಟಿನಲ್ಲಿ ಹುಟ್ಟಿದ್ದು ಪ್ರಾಫರ್ ಎಂಬ ಪದ್ಧತಿ. ಜಮೀನಿನ ವಲಯ ಬದಲಿಸಿಕೊಡಿ ಎಂದು ಅರ್ಜಿ ಹಾಕುವ ಬಿಲ್ಡರ್ ತಾನಾಗಿಯೇ ಶಾಲೆಗೆ ಜಾಗ, ರಸ್ತೆಗೆ ದುಡ್ಡು, ಗ್ರಂಥಾಲಯಕ್ಕೆ ದೇಣಿಗೆ ಎಂದು ಬರೆದುಕೊಡುತ್ತಾನೆ. ಕಾಗದದ ಮೇಲೆ ಅದು ಸ್ವಯಂಪ್ರೇರಿತ. ಕೊಡದಿದ್ದರೆ ಸೂಪರ್‌ವೈಸರುಗಳ ಮಂಡಳಿಯಲ್ಲಿ ಮತ ಬೀಳುವುದು ಕಷ್ಟ ಎಂದು ಎರಡೂ ಕಡೆಯವರಿಗೆ ಗೊತ್ತು. ಬಿಲ್ಡರುಗಳ ಒತ್ತಾಯಕ್ಕೆ ಮಣಿದು ರಾಜ್ಯ 2016ರಲ್ಲಿ ವಸತಿ ಯೋಜನೆಗಳ ಪ್ರಾಫರಿಗೆ ಬಿಗಿ ಕಡಿವಾಣ ಹಾಕಿತು. ಕೌಂಟಿಗಳು ಚರ್ಚಿಸಲೂ ಹೆದರುವಂತಾಗಿ, 2019ರಲ್ಲಿ ಅದನ್ನು ಸಡಿಲಿಸಬೇಕಾಯಿತು. ಇತ್ತ 2024ರಲ್ಲಿ ದೇಶದ ಸುಪ್ರೀಂ ಕೋರ್ಟಿಗೆ ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯ ಪ್ರಕರಣ ಬಂತು. ಒಂದು ಮನೆ ಕಟ್ಟಲು 23,420 ಡಾಲರ್ ರಸ್ತೆ ಶುಲ್ಕ ಕೇಳಿದ್ದರು. ಚುನಾಯಿತ ಮಂಡಳಿಯೇ ಕಾನೂನು ಮಾಡಿ ವಿಧಿಸಿದ ಶುಲ್ಕವಾದರೂ ಅದು ಯೋಜನೆಯ ಪರಿಣಾಮಕ್ಕೆ ತಕ್ಕಷ್ಟಿದೆಯೇ ಎಂಬ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಒಂಬತ್ತೂ ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು.

ಲೌಡನ್ನಿಗೆ ಮರಳೋಣ. ಡಲ್ಲಸ್ ವಿಮಾನ ನಿಲ್ದಾಣ 1962ರಲ್ಲಿ ತೆರೆಯಿತು. ಮೂರು ದಶಕದ ನಂತರ ಅದರ ಸುತ್ತ ಇಂಟರ್ನೆಟ್ ಕಂಪನಿಗಳು ಬಂದವು, 1990ರ ದಶಕ ಒಂದರಲ್ಲೇ ಜನಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ವರ್ಷವರ್ಷವೂ ಹೊಸ ಶಾಲೆ, ವರ್ಷವರ್ಷವೂ ಹೊಸ ಸಾಲ. 1999ರ ಚುನಾವಣೆಯಲ್ಲಿ ಈ ಓಟಕ್ಕೆ ತಡೆ ಹಾಕುತ್ತೇವೆಂದವರು ಬಹುಮತ ಪಡೆದರು. ಅವರು 2003ರ ಜನವರಿಯಲ್ಲಿ ಪಶ್ಚಿಮ ಲೌಡನ್ನಿನಲ್ಲಿ ಅಲ್ಲಿಯವರೆಗೆ ಮೂರು ಎಕರೆಗೆ ಒಂದು ಮನೆ ಎಂದಿದ್ದ ನಿಯಮವನ್ನು ಹಲವು ಪಟ್ಟು ಬಿಗಿಗೊಳಿಸಿದರು. ಜಮೀನುದಾರರಿಂದ ದಾವೆಗಳ ಸುರಿಮಳೆಯಾಯಿತು. ವರ್ಷ ಮುಗಿಯುವ ಮುನ್ನ ನಡೆದ ಚುನಾವಣೆಯಲ್ಲಿ ಬಹುಮತವೇ ತಿರುಗಿತು. 2005ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಕಾರಣ? ಪತ್ರಿಕೆಯಲ್ಲಿ ಕೊಟ್ಟ ಸಾರ್ವಜನಿಕ ಪ್ರಕಟಣೆ ಬದಲಾವಣೆಯನ್ನು ಸರಿಯಾಗಿ ವಿವರಿಸಿರಲಿಲ್ಲ. ಮರುವರ್ಷ ಇನ್ನಷ್ಟು ಸೌಮ್ಯವಾದ ರೂಪದಲ್ಲಿ ನಿಯಮ ಮತ್ತೆ ಬಂತು.

ವರ್ಜೀನಿಯಾದಲ್ಲಿ ಇದು ಒಂಟಿ ಉದಾಹರಣೆಯಲ್ಲ. ಫೇರ್‌ಫ್ಯಾಕ್ಸ್ ವರ್ಷಗಟ್ಟಲೆ ದುಡಿದು 2021ರಲ್ಲಿ ತಂದ ಹೊಸ ವಲಯ ಸಂಹಿತೆಯನ್ನು, ಕೊರೊನಾ ಕಾಲದ ಆನ್‌ಲೈನ್ ಸಭೆಯಲ್ಲಿ ಅಂಗೀಕರಿಸಿದ್ದು ಕಾನೂನುಬದ್ಧವಲ್ಲ ಎಂದು 2023ರಲ್ಲಿ ಅದೇ ನ್ಯಾಯಾಲಯ ಬದಿಗಿಟ್ಟಿತು. ಪ್ರಿನ್ಸ್ ವಿಲಿಯಂ ಕೌಂಟಿಯಲ್ಲಿ, 1994ರಲ್ಲಿ ಇತಿಹಾಸಕಾರರ ವಿರೋಧಕ್ಕೆ ಬೆದರಿ ಡಿಸ್ನಿ ಕಂಪನಿ ತನ್ನ ಮನರಂಜನಾ ಉದ್ಯಾನದ ಯೋಜನೆ ಕೈಬಿಟ್ಟ ಕೌಂಟಿಯಲ್ಲೇ, ಅಂತರ್ಯುದ್ಧ ಕಾಲದ ಮನಾಸಸ್ ಯುದ್ಧಭೂಮಿಯ ಪಕ್ಕದ ಸುಮಾರು 2,100 ಎಕರೆಯನ್ನು ಡೇಟಾ ಸೆಂಟರುಗಳಿಗೆ ಬಿಡಲು 2023ರ ಡಿಸೆಂಬರಿನಲ್ಲಿ ಮಂಡಳಿ ಒಪ್ಪಿತು. ಅಹವಾಲು ಸಭೆ ಇಡೀ ಒಂದು ಹಗಲು ರಾತ್ರಿಯನ್ನು ಮೀರಿ ನಡೆದಿತ್ತು. 2025ರ ಆಗಸ್ಟಿನಲ್ಲಿ ಕೆಳ ನ್ಯಾಯಾಲಯವೊಂದು ಅದನ್ನೂ ಅನೂರ್ಜಿತ ಎಂದಿತು. ಮತ್ತೆ ಪತ್ರಿಕಾ ಪ್ರಕಟಣೆಯ ಲೋಪ! ಜಮೀನು ಏನಾಗಬೇಕೆಂಬ ಮೂಲ ಪ್ರಶ್ನೆಗೆ ನ್ಯಾಯಾಲಯಗಳು ಬಾಯಿ ಹಾಕುವುದು ಕಡಿಮೆ. ಕೇಳಬೇಕಾದವರನ್ನು ಕೇಳಿದಿರಾ ಎಂದು ಮಾತ್ರ ಕೇಳುತ್ತವೆ. 1961ರ ಯೋಜನಾ ಕಾಯ್ದೆಯಡಿ ಪತ್ರಿಕೆಯ ಮೂಲೆಯಲ್ಲಿ ಬರುವ ಭೂ ಬಳಕೆ ಬದಲಾವಣೆಯ ಪ್ರಕಟಣೆಗಳನ್ನು ಓದದೆ ಪುಟ ಮಗುಚುವ ಕರ್ನಾಟಕದ ಓದುಗರು ಇದನ್ನು ಗಮನಿಸಬೇಕು.

ಈ ಡೇಟಾ ಸೆಂಟರುಗಳೇ ಶಾಲೆಯ ಲೆಕ್ಕದ ಕೊನೆಯ ಉತ್ತರವಾಗಿ ಬಂದವು. ಕಟ್ಟಡ ದೊಡ್ಡದು, ಒಳಗಿರುವ ಕಂಪ್ಯೂಟರುಗಳಿಗೆ ಪ್ರತ್ಯೇಕ ತೆರಿಗೆ, ಶಾಲೆಗೆ ಕಳಿಸಬೇಕಾದ ಮಕ್ಕಳು ಇಲ್ಲವೇ ಇಲ್ಲ. ಲೌಡನ್ನಿನಲ್ಲಿ ಇಂಥವು ಈಗ ಸುಮಾರು 200. ಹಲವು ವಲಯಗಳಲ್ಲಿ ಮಂಡಳಿಯ ಮುಂದೆ ಬರುವ ಅಗತ್ಯವೇ ಇಲ್ಲದೆ, ನಿಯಮಕ್ಕೆ ಹೊಂದಿದರೆ ಕಟ್ಟಿಕೊಳ್ಳಿ ಎಂಬ ಬೈ-ರೈಟ್ ಅನುಮತಿಯಡಿ ಅವು ಎದ್ದವು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಅಮೆಜಾನ್ ಕ್ಲೌಡಿನ ಯುಎಸ್ ಈಸ್ಟ್ ಒನ್ ಎಂದರೆ ವಿವರಿಸಬೇಕಿಲ್ಲ. ಉತ್ತರ ವರ್ಜೀನಿಯಾದ ಆ ವ್ಯವಸ್ಥೆ 2025ರ ಅಕ್ಟೋಬರಿನಲ್ಲಿ ಕೈಕೊಟ್ಟಾಗ ಜಗತ್ತಿನ ಎಷ್ಟೋ ಆ್ಯಪ್‌ಗಳು ನಿಂತಿದ್ದವು. ಕೌಂಟಿಗೆ ಬಂದ ಲಾಭ ಕಣ್ಣಿಗೆ ಕಾಣುವಂಥದ್ದು. 2010ರ ಸುಮಾರಿಗೆ ನೂರು ಡಾಲರ್ ಮೌಲ್ಯದ ಆಸ್ತಿಗೆ 1.30 ಡಾಲರ್ ಇದ್ದ ತೆರಿಗೆ, 2025ಕ್ಕೆ 80 ಸೆಂಟಿನ ಆಸುಪಾಸಿಗೆ ಇಳಿಯಿತು.

ಬೆಲೆ ತೆತ್ತವರು ಬೇರೆ. ಮನೆಗಳ ಬೆನ್ನಿಗೇ ಎದ್ದ ಕಿಟಕಿಯಿಲ್ಲದ ಗೋಡೆಗಳು, ತಂಪು ಯಂತ್ರಗಳ ಎಡೆಬಿಡದ ಗುಂಯ್‌ಗುಡುವಿಕೆ, ಸಾಲು ಸಾಲು ಡೀಸೆಲ್ ಜನರೇಟರು. ಪೂರ್ವ ಲೌಡನ್ನಿನ ಹೊಸ ಡೇಟಾ ಸೆಂಟರುಗಳಿಗೆ ಬೇಕಾದಷ್ಟು ವಿದ್ಯುತ್ ಸಾಗಿಸುವ ತಂತಿ ತನ್ನಲ್ಲಿಲ್ಲ ಎಂದು 2022ರಲ್ಲಿ ಡೊಮಿನಿಯನ್ ಎಂಬ ವಿದ್ಯುತ್ ಕಂಪನಿಯೇ ಕೈಚೆಲ್ಲಿತು. ಹೈಟೆನ್ಷನ್ ಕಂಬ ಎಲ್ಲಿ ನೆಡುವುದೆಂಬ ಹೊಸ ಜಗಳ ಶುರುವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಮೆಟ್ರೊ ಆ್ಯಶ್‌ಬರ್ನ್ ತಲುಪಿತು. ನಿಲ್ದಾಣದ ಸುತ್ತ ಒತ್ತಾಗಿ ಮನೆ ಕಟ್ಟಬೇಕೆಂಬುದು ಯೋಜನೆ. ಎಕರೆಗೆ ದಶಲಕ್ಷಗಟ್ಟಲೆ ಡಾಲರ್ ಕೊಡಬಲ್ಲ ಡೇಟಾ ಸೆಂಟರುಗಳ ಎದುರು ಮನೆ ಕಟ್ಟುವವನು ಜಮೀನಿಗೆ ಪೈಪೋಟಿ ಕೊಡುವುದು ಹೇಗೆ? ಆದಾಯ ಒಂದೇ ಉದ್ಯಮವನ್ನು ನೆಚ್ಚಿಕೊಂಡಿದೆ ಎಂಬ ಎಚ್ಚರಿಕೆ ಕೌಂಟಿಯ ಸ್ವಂತ ಹಣಕಾಸು ಅಧಿಕಾರಿಗಳಿಂದಲೇ ಬಂದಿದೆ.

2025ರ ಮಾರ್ಚ್ 18ರಂದು ಲೌಡನ್ ಮಂಡಳಿ ಬೈ-ರೈಟ್ ಅನುಮತಿಯನ್ನು ತೆಗೆದುಹಾಕಿತು. ಇನ್ನು ಮುಂದೆ ಹೊಸದಾಗಿ ಅರ್ಜಿ ಹಾಕುವ ಪ್ರತಿ ಡೇಟಾ ಸೆಂಟರೂ ಅಹವಾಲು ಸಭೆ ದಾಟಿ, ಮಂಡಳಿಯ ಮತ ಪಡೆದೇ ಬರಬೇಕು. ನಿರ್ಧಾರ ಸರಿಯಾದದ್ದೇ, ಆದರೆ ಹತ್ತು ವರ್ಷ ತಡವಾಯಿತು. ತಡವಾದದ್ದು ಮಾಹಿತಿಯ ಕೊರತೆಯಿಂದಲ್ಲ. ತೆರಿಗೆ ದರ ಇಳಿಯುತ್ತಿರುವಾಗ ಬೇಡ ಎನ್ನಲು ಯಾವ ಸೂಪರ್‌ವೈಸರಿಗೂ ಮನಸ್ಸಿರಲಿಲ್ಲ, ಹಾಗೆ ಕೇಳುವ ಮತದಾರರೂ ಆಗ ಹೆಚ್ಚಿರಲಿಲ್ಲ.