ಮನೋಬಿಂಬ ಮತ್ತು ಕೃತಕ ತೋಳಿನ ಕಲಿಕೆ

ಮನೋಬಿಂಬವೆಂದರೆ ದೇಹ ಅಲುಗಿಸದೆ ಚಲನೆಯೊಂದನ್ನು ಮನಸ್ಸಿನಲ್ಲೇ ನಡೆಸುವ ಅಭ್ಯಾಸ. ಸ್ನಾಯುಗಳ ವಿದ್ಯುತ್ ಸಂಕೇತದಿಂದ ನಡೆಯುವ ಕೃತಕ ತೋಳಿನ ತರಬೇತಿಗೆ ಇದು ಪೂರಕ. ಮೊಣಕೈ ಕೆಳಗೆ ಕೈ ತುಂಡಾದರೂ ಬೆರಳು ಮಡಿಸುವ, ಬಿಡಿಸುವ ಸ್ನಾಯುಗಳ ಬುಡ ಮುಂಗೈಯಲ್ಲಿ ಉಳಿದಿರುತ್ತದೆ. ಇಲ್ಲದ ಮುಷ್ಟಿಯನ್ನು ಬಿಗಿಯಲು ಯತ್ನಿಸಿದರೆ ಆ ಸ್ನಾಯು ಸೆಟೆಯುತ್ತದೆ. ಚರ್ಮಕ್ಕೆ ತಾಗಿದ ವಿದ್ಯುದಗ್ರ ಸಂಕೇತವನ್ನು ಹಿಡಿದು ಮೋಟಾರಿಗೆ ದಾಟಿಸುತ್ತದೆ. ಹೊಸಬರು ಎರಡೂ ಬದಿಯ ಸ್ನಾಯುಗಳನ್ನು ಒಟ್ಟಿಗೇ ಬಿಗಿಯುವುದುಂಟು. ಆಗ ಯಂತ್ರದ ಕೈ ಗೊಂದಲಕ್ಕೆ ಬೀಳುತ್ತದೆ. ಒಂದನ್ನು ಸಡಿಲ ಬಿಟ್ಟು ಇನ್ನೊಂದನ್ನು ಬಿಗಿಯುವುದೇ ನಿಜವಾದ ಪಾಠ.

ಮನಸ್ಸಿನ ಅಭ್ಯಾಸ ಮಿದುಳನ್ನೂ ತಟ್ಟುತ್ತದೆ. ಪಿಯಾನೊದ ಐದು ಬೆರಳಿನ ಪಾಠವನ್ನು ಮನಸ್ಸಿನಲ್ಲಷ್ಟೇ ನುಡಿಸಿದವರ ಮಿದುಳಿನ ಚಲನಾ ಭಾಗದಲ್ಲೂ ಬದಲಾವಣೆಯಾಗುತ್ತದೆಂದು ನರವಿಜ್ಞಾನಿ ಪಾಸ್ಕುವಲ್-ಲಿಯೋನ್ ಅವರ ತಂಡ 1995ರಲ್ಲಿ ತೋರಿಸಿತು. ಮದರಾಸಿನಲ್ಲಿ ವೈದ್ಯಕೀಯ ಓದಿದ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿ ಪೆಟ್ಟಿಗೆ ಬಳಸಿ, ಕಳೆದ ಕೈ ಚಲಿಸಿದಂತೆ ಕಾಣಿಸಿ, ಇಲ್ಲದ ಅಂಗದಲ್ಲೇ ಅನಿಸುವ ‘ಮಾಯಾ ಅಂಗ’ದ ನೋವಿಗೆ ಉಪಾಯ ಹುಡುಕಿದರು.

ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಮನೋಬಿಂಬದ ಚರ್ಚೆಗೆ ಸಹಜ ನೆಲೆ ಮುಂಡಗೋಡದ ಟಿಬೆಟನ್ ವಸಾಹತು. ದೇವತಾರೂಪವನ್ನು ವಿವರ ವಿವರವಾಗಿ ಮನದಲ್ಲಿ ಕಟ್ಟುವುದು ಟಿಬೆಟನ್ ಧ್ಯಾನದ ಹಳೆಯ ಸಾಧನೆ. ಇಲ್ಲಿನ ಡ್ರೆಪುಂಗ್ ಮಠದಲ್ಲಿ 2013ರ ಜನವರಿಯಲ್ಲಿ ದಲೈ ಲಾಮಾ ಸಮ್ಮುಖದಲ್ಲಿ ವಿಜ್ಞಾನಿಗಳು, ಭಿಕ್ಷುಗಳು ಮನಸ್ಸು-ಮಿದುಳುಗಳ ಕುರಿತು ಸಂವಾದ ನಡೆಸಿದರು. ಆದರೆ ಈ ಧ್ಯಾನವನ್ನೂ ಕೃತಕ ತೋಳಿನ ಮನೋಬಿಂಬವನ್ನೂ ಒಂದೇ ಎನ್ನಲಾಗದು: ಧ್ಯಾನದ ಬಿಂಬ ಮುಖ್ಯವಾಗಿ ಕಾಣುವಂಥದ್ದು, ತೋಳಿಗೆ ಬೇಕಾದದ್ದು ಸೆಳೆತ, ಬಿಗಿತಗಳ ಒಳ ಅನುಭವ. ಬರಿಯ ಕಲ್ಪನೆಯೂ ಸಾಲದು. ಉಳಿದ ಸ್ನಾಯುವಿನ ಕಸರತ್ತು, ತೋಳು ತೊಟ್ಟು ಲೋಟ ಹಿಡಿಯುವ ರೂಢಿ ಜೊತೆಗಿರಬೇಕು.