ಬಾನಿನಿಂದ ಮರೆಯಾದ ರಣಹದ್ದು

ಊರ ಹೊರಗೆ ಸತ್ತ ದನವನ್ನು ಎಳೆದುಹಾಕಿದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ರಣಹದ್ದುಗಳು ಬಾನಿನಿಂದ ಇಳಿಯುತ್ತಿದ್ದವು ಎಂದು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಬೋಳು ಕತ್ತು, ಬಾಗಿದ ಬೆನ್ನು, ಕಳೇಬರದ ಮೇಲಿನ ಕಚ್ಚಾಟ, ಇವು ಯಾರಿಗೂ ಪ್ರಿಯವಾದ ನೋಟಗಳಲ್ಲ. ಜಟಾಯುವಿನ ಕಥೆ ಕೇಳಿ ಮರುಗಿದವರೂ ಊರಂಚಿನ ರಣಹದ್ದನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಹೀಗಾಗಿ ಅವು ಎಂದಿನಿಂದ ಬರುವುದನ್ನು ನಿಲ್ಲಿಸಿದವು ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿಲ್ಲ.

ಉತ್ತರ ದೊರೆತದ್ದು ರಾಜಸ್ಥಾನದ ಭರತಪುರದಲ್ಲಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅಲ್ಲಿನ ಕೇವಲಾದೇವ ಉದ್ಯಾನದಲ್ಲಿ 1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದುಗಳ ಗೂಡುಗಳನ್ನು ಎಣಿಸಿದ್ದರು. ಅವು 350ಕ್ಕೂ ಹೆಚ್ಚಿದ್ದವು. ದಶಕ ಕಳೆದು ಮತ್ತೆ ಎಣಿಸಿದಾಗ ಅರ್ಧಕ್ಕಿಂತ ಕಡಿಮೆ. ಕೊಂಬೆಗಳ ಮೇಲೆ ಹಕ್ಕಿಗಳು ಕತ್ತನ್ನು ಇಳಿಬಿಟ್ಟು ಕುಳಿತಿರುತ್ತಿದ್ದವು, ಬಳಿಕ ಸತ್ತು ಬೀಳುತ್ತಿದ್ದವು. ಹಳೆಯ ಆ ಲೆಕ್ಕ ಇರದಿದ್ದರೆ ಹೊಸ ಲೆಕ್ಕಕ್ಕೆ ಅರ್ಥವೇ ಇರುತ್ತಿರಲಿಲ್ಲ. 1992ರಿಂದ 2007ರೊಳಗೆ ಭಾರತದಲ್ಲಿ ಈ ಜಾತಿಯಲ್ಲಿ ಉಳಿದದ್ದು ಸಾವಿರಕ್ಕೆ ಒಂದು.

ಕಾರಣವೇನೆಂದು ಬಹುಕಾಲ ತಿಳಿಯಲಿಲ್ಲ. ಸಾಂಕ್ರಾಮಿಕ ರೋಗವೆಂದೇ ಹಲವರು ಶಂಕಿಸಿದ್ದರು. ಪಾಕಿಸ್ತಾನದಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಸತ್ತ ಹಕ್ಕಿಗಳನ್ನು ಪರೀಕ್ಷಿಸಿ, 2004ರಲ್ಲಿ ಡೈಕ್ಲೋಫೆನಾಕ್ ಎಂಬ ನೋವುನಿವಾರಕವನ್ನು ಬೆರಳಿಟ್ಟು ತೋರಿಸಿದರು. ಕುಂಟುವ ಎತ್ತಿಗೆ, ಜ್ವರ ಬಂದ ಹಸುವಿಗೆ ರೈತ ಕರುಣೆಯಿಂದ ಕೊಡಿಸಿದ ಅಗ್ಗದ ಮದ್ದು ಅದು. ಮದ್ದು ಕೊಟ್ಟ ಕೆಲವೇ ದಿನಗಳಲ್ಲಿ ದನ ಸತ್ತರೆ ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಡುತ್ತಿದ್ದವು. ಒಂದೇ ಕಳೇಬರಕ್ಕೆ ಹತ್ತಾರು ಹಕ್ಕಿಗಳು ಎರಗುವುದರಿಂದ, ನೂರರಲ್ಲಿ ಒಂದಕ್ಕಿಂತ ಕಡಿಮೆ ಕಳೇಬರಗಳು ವಿಷವಾಗಿದ್ದರೂ ಇಡೀ ಕುಲ ನಾಶವಾಗಲು ಸಾಕಾಗಿತ್ತು. ಇಲ್ಲಿ ಯಾರನ್ನು ದೂರೋಣ? ರೈತನನ್ನಂತೂ ಅಲ್ಲ.

2006ರಲ್ಲಿ ಜಾನುವಾರುಗಳಿಗೆ ಈ ಮದ್ದನ್ನು ನಿಷೇಧಿಸಲಾಯಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಸೀಸೆಯ ಅಳತೆಯನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. ಅಷ್ಟರಲ್ಲಿ ನಾಯಿಗಳು ಕಳೇಬರಗಳ ಒಡೆಯರಾಗಿದ್ದವು. 2000ದಿಂದ 2005ರವರೆಗೆ ರಣಹದ್ದುಗಳ ಕೊರತೆಯಿಂದ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳು ಸಂಭವಿಸಿದವು ಎಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜಿಸಿದೆ.

ನಮ್ಮ ನಾಡಿನಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಚಲನಚಿತ್ರದ ಚಿತ್ರೀಕರಣದಿಂದ ಹೆಸರಾದ ಆ ಬಂಡೆಗಳ ಕಡಿದಾದ ಮೈಯೇ ಉದ್ದಕೊಕ್ಕಿನ ರಣಹದ್ದುಗಳ ತವರು. ಉಳಿದಿರುವವು ಬೆರಳೆಣಿಕೆಯಷ್ಟು. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ.