ಮಳೆ ಅಳೆದರೆ ಏನು ಲಾಭ?

ಸುಳ್ಯ ತಾಲ್ಲೂಕಿನ ಅರಂತೋಡು, ಸಂಪಾಜೆ ಕಡೆ ಮಳೆಗಾಲದಲ್ಲಿ ಇಬ್ಬರು ಅಡಿಕೆ ಕೃಷಿಕರು ಎದುರಾದರೆ ಮಾತು ಮಳೆಯಿಂದಲೇ ಶುರು. ‘ನಿಮ್ಮಲ್ಲಿ ಎಷ್ಟು?’ ಎಂದು ಕೇಳಿದರೆ ‘ಜೋರು’ ಎನ್ನುವವರು ಹಲವರು. ‘ಎಂಬತ್ತೆರಡು ಮಿಲಿಮೀಟರ್’ ಎನ್ನುವವರೂ ಉಂಟು. ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನವೂ ಬರೆದಿಡುವ ಕೃಷಿಕರು ಈ ತಾಲ್ಲೂಕಿನಲ್ಲಿದ್ದಾರೆ. ಹೇಗೂ ಸುರಿಯುವ ಮಳೆಯನ್ನು ಅಳೆದು ಆಗಬೇಕಾದ್ದೇನು?

ಈ ಅಭ್ಯಾಸ ಹೊಸದಲ್ಲ. ಉಗ್ರಾಣದ ಮುಂದೆ ಮಳೆ ಅಳೆಯುವ ಪಾತ್ರೆ ಇರಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಜಾರ್ಜ್ ಸೈಮನ್ಸ್ 1860ರಿಂದ ಸ್ವಯಂಸೇವಕರ ಲೆಕ್ಕಗಳನ್ನು ಒಟ್ಟುಗೂಡಿಸಿದ. ಅವನ ಹೆಸರಿನ ಮಾಪಕ ನಮ್ಮಲ್ಲೂ ಬಳಕೆಗೆ ಬಂತು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಬೆಳಗ್ಗೆ 8.30ಕ್ಕೆ ಅಳೆದದ್ದು ಹಿಂದಿನ 24 ಗಂಟೆಗಳ ಮಳೆ ಎಂಬುದು ಅದರ ಕ್ರಮ.

ಲೆಕ್ಕ ಸರಳ. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್, ಎಕರೆಗೆ ಸುಮಾರು 4,000 ಲೀಟರ್ ನೀರು. ಆದರೆ ಒಂದು ದಿನದ ಅಂಕಿಯಿಂದ ಹೆಚ್ಚೇನೂ ತಿಳಿಯದು. ಹೊತ್ತು ತಪ್ಪಿಸದೆ, ಮಳೆ ಬಾರದ ದಿನ ಸೊನ್ನೆಯನ್ನೂ ಬರೆದು ಹತ್ತಾರು ವರ್ಷ ನಡೆಸಿದರೆ ಮಾತ್ರ ‘ಹಿಂದೆ ಹೀಗಿರಲಿಲ್ಲ’ ಎಂಬ ಮಾತಿಗೆ ಸಾಕ್ಷಿ ಸಿಗುತ್ತದೆ. ನೆನಪು ದೊಡ್ಡ ಮಳೆಯನ್ನು ಹಿಡಿದಿಡುತ್ತದೆ, ಸಣ್ಣದನ್ನು ಮರೆಯುತ್ತದೆ.

ಅಡಿಕೆಗೆ ಬಾಧಿಸುವ ಕೊಳೆರೋಗ ಎಡೆಬಿಡದ ಮಳೆಯಲ್ಲಿ ಹಬ್ಬುತ್ತದೆ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಬಗ್ಗೆ ವರದಿ ಪ್ರಕಟಿಸಿದ್ದರು. ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮುಂಗಾರು ಬಲಗೊಳ್ಳುವ ಮೊದಲು, ಎರಡನೆಯದು ಸುಮಾರು 40-45 ದಿನಗಳ ಬಳಿಕ. ನಡುವೆ ಎಷ್ಟು ಮಳೆ ಬಿತ್ತು, ಎಷ್ಟು ದಿನ ಬಿಸಿಲು ಕಂಡಿತು ಎಂಬುದು ಪುಸ್ತಕದಲ್ಲಿದ್ದರೆ ಮುಂದಿನದನ್ನು ತೀರ್ಮಾನಿಸುವುದು ಸುಲಭ. ಆದರೆ ಪುಸ್ತಕ ಮದ್ದು ಬಿಡುವುದಿಲ್ಲ. ಮರ ಏರುವವರು ಸಿಗದಿದ್ದರೆ ಅಂಕಿ ಅಂಕಿಯಾಗಿಯೇ ಉಳಿಯುತ್ತದೆ.

ಈಗ ಅಳತೆಗೆ ಹಣದ ಬೆಲೆಯೂ ಬಂದಿದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸಿನ ಪರಿಹಾರ ನಿರ್ಧಾರವಾಗುವುದು ತೋಟ ನೋಡಿ ಅಲ್ಲ, ಗ್ರಾಮ ಪಂಚಾಯತ್ ಮಟ್ಟದ ಮಾಪಕದ ಅಂಕಿ ನೋಡಿ. ಘಟ್ಟದ ಬುಡದಲ್ಲಿ ಒಂದು ಗುಡ್ಡ ದಾಟಿದರೆ ಮಳೆ ಬೇರೆ. ಮಾಪಕದಲ್ಲಿ ಕಾಣದ ಮಳೆಗೆ ಕಾಯಿ ಉದುರಿದರೂ ಆ ನಷ್ಟ ಲೆಕ್ಕಕ್ಕೆ ಬಾರದು. ಅಂಗಳದ ಪುಸ್ತಕದಿಂದ ಪರಿಹಾರ ಸಿಗದು, ನಿಜ. ಆದರೆ ಸರಕಾರಿ ಅಂಕಿಯನ್ನು ಪ್ರಶ್ನಿಸಲು ಕೃಷಿಕನ ಕೈಯಲ್ಲಿ ಬೇರೇನಿದೆ?

2018ರ ಆಗಸ್ಟ್‌ನಲ್ಲಿ ಸಂಪಾಜೆ ಘಾಟಿಯ ಜೋಡುಪಾಲದಲ್ಲಿ ಗುಡ್ಡ ಕುಸಿಯಿತು. ಇಂಥ ಕುಸಿತಕ್ಕೆ ಒಂದು ರಾತ್ರಿಯ ಮಳೆಯಷ್ಟೇ ಅಲ್ಲ, ಮಣ್ಣು ಅದುವರೆಗೆ ಕುಡಿದ ನೀರೂ ಕಾರಣ. ದಿನದ ಅಂಕಿಗಳನ್ನು ಕೂಡಿಸುತ್ತ ಬಂದವನಿಗೆ ಅದು ಮುಂಚೆಯೇ ಕಾಣುತ್ತದೆ.

ಎಲ್ಲವನ್ನೂ ಅಳೆಯಬೇಕಾಗಿಲ್ಲ. ಯಾವ ಅಂಕಿ ನೋಡಿ ನಾಳೆಯ ಕೆಲಸ ಬದಲಾದೀತೋ ಅದನ್ನು ಬರೆದಿಟ್ಟರೆ ಸಾಕು.